ಐಟಿ ಮುಖ್ಯಸ್ಥರು ಬಿಸಿನೆಸ್‌ನವರ ಜೊತೆ ಹೊಂದಿಕೊಂಡು ಕೆಲಸ ಮಾಡುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಐಟಿ ವಿಭಾಗದ ಹೊಣೆ ಹೊತ್ತವರನ್ನು ಸರ್ವರ್, ನೆಟ್‌ವರ್ಕ್, ಕ್ಲೌಡ್ ಅಷ್ಟಾಗಿ ಕಾಡುವುದಿಲ್ಲ. ಅವು ಕೆಟ್ಟರೆ ಸರಿ ಮಾಡುವ ದಾರಿ ಎಲ್ಲೋ ಒಂದು ಕಡೆ ಬರೆದಿಟ್ಟಿರುತ್ತದೆ. ಕಾಡುವುದು ಮನುಷ್ಯರು: ಸೇಲ್ಸ್‌ನವರು, ಅಕೌಂಟ್ಸ್‌ನವರು, ಗೋದಾಮಿನವರು, ಮೇಲೆ ಕೂತ ನಿರ್ದೇಶಕರು. ಹಲವು ವರ್ಷ ಈ ಕುರ್ಚಿಯಲ್ಲಿ ಕೂತು, ತಪ್ಪು ಮಾಡಿ, ಬೈಸಿಕೊಂಡು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಹೊಸದಾಗಿ ಐಟಿ ಮುಖ್ಯಸ್ಥರಾದವರು ನನ್ನನ್ನು ಕೇಳುವ ಪ್ರಶ್ನೆಗಳೇ ಇವು.

ನಮ್ಮ ಸಿಸ್ಟಮ್‌ಗಳೆಲ್ಲ ಚೆನ್ನಾಗಿ ಓಡುತ್ತಿವೆ. ಆದರೂ ಬಳಕೆದಾರರು ಬೈಯುವುದು ಯಾಕೆ?

ಚೆನ್ನಾಗಿ ಓಡುತ್ತಿವೆ ಅಂತ ಹೇಳಿದ್ದು ಯಾರು? ನಿಮ್ಮ ಡ್ಯಾಶ್‌ಬೋರ್ಡ್ ಅಲ್ವಾ? ಅದು ಅಳೆಯುವುದು ಯಂತ್ರದ ಆರೋಗ್ಯವನ್ನು. ಬಳಕೆದಾರರು ನೋಡುವುದು ತಮ್ಮ ಕೆಲಸ ಮುಗಿಯಿತೋ ಇಲ್ಲವೋ ಅನ್ನುವುದನ್ನು.

ಶೇಕಡಾ 99.9ರಷ್ಟು ಹೊತ್ತು ಸಿಸ್ಟಮ್ ಲಭ್ಯವಿರುತ್ತದೆ ಅಂತ ನಾವು ಹೆಮ್ಮೆಯಿಂದ ಹೇಳುತ್ತೇವೆ. ಲೆಕ್ಕ ಹಾಕಿ ನೋಡಿ. ವರ್ಷಕ್ಕೆ ಸುಮಾರು 8 ಗಂಟೆ 45 ನಿಮಿಷ ಬಂದ್ ಆದರೂ ಆ ಮಾತು ಸುಳ್ಳಾಗುವುದಿಲ್ಲ. ಆ 8 ಗಂಟೆ ಭಾನುವಾರ ರಾತ್ರಿ ಬಂದರೆ ಯಾರಿಗೂ ಗೊತ್ತೇ ಆಗುವುದಿಲ್ಲ. ಅದೇ ತಿಂಗಳ ಕೊನೆಯ ದಿನ, ಅಕೌಂಟ್ಸ್‌ನವರು ಲೆಕ್ಕ ಮುಗಿಸುವ ಹೊತ್ತಿಗೆ ಬಂದರೆ ಆ ವರ್ಷವಿಡೀ ನೀವು ಮಾಡಿದ ಒಳ್ಳೆ ಕೆಲಸ ನೀರಿನಲ್ಲಿ ಹೋಮ.

ಇಂಥ ವರದಿಗಳನ್ನು ನಮ್ಮ ಕಸುಬಿನವರು ಕಲ್ಲಂಗಡಿ ಅಂತ ಕರೆಯುತ್ತಾರೆ. ಮೇಲೆ ಹಸಿರು, ಕೊಯ್ದರೆ ಒಳಗೆ ಕೆಂಪು. ಇದಕ್ಕೆ ನಾನು ಮಾಡಿದ ಉಪಾಯ ಸರಳ. ಪ್ರತಿ ವಿಭಾಗದ ಹತ್ತಿರ ಹೋಗಿ "ಯಾವ ದಿನ, ಯಾವ ಹೊತ್ತು ಸಿಸ್ಟಮ್ ನಿಲ್ಲಲೇಬಾರದು?" ಅಂತ ಕೇಳಿ ಒಂದು ಕ್ಯಾಲೆಂಡರ್ ಮಾಡಿದೆ. ಆ ದಿನಗಳಲ್ಲಿ ಪ್ಯಾಚ್ ಇಲ್ಲ, ಅಪ್‌ಗ್ರೇಡ್ ಇಲ್ಲ, ಸಣ್ಣ ಬದಲಾವಣೆಯೂ ಇಲ್ಲ. ಡೌನ್‌ಟೈಮ್ ಹೆಚ್ಚುಕಡಿಮೆ ಅಷ್ಟೇ ಇತ್ತು. ಬೈಗುಳ ಮಾತ್ರ ಬಹಳ ಕಡಿಮೆಯಾಯಿತು.

ಬಿಸಿನೆಸ್ ಅರ್ಥ ಮಾಡಿಕೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ. ಎಲ್ಲಿಂದ ಶುರು ಮಾಡಲಿ?

ಮೀಟಿಂಗ್‌ನಿಂದ ಬೇಡ. ಕೆಲಸ ಮಾಡುವವರ ಪಕ್ಕದಲ್ಲಿ ಒಂದು ಕುರ್ಚಿ ಹಾಕಿಕೊಂಡು ಕೂರುವುದರಿಂದ ಶುರು ಮಾಡಿ.

ಒಂದು ಕಡೆ ನಾನು ಕೆಲಸ ಮಾಡುತ್ತಿದ್ದಾಗ ಗೋದಾಮಿನ ಮೇಲ್ವಿಚಾರಕಿ ಒಬ್ಬರು ದಿನವಿಡೀ ಸ್ಟಾಕ್ ಲೆಕ್ಕವನ್ನು ಹಾಳೆಯ ಮೇಲೆ ಬರೆದುಕೊಂಡು, ಸಂಜೆ ಕೂತು ಕಂಪ್ಯೂಟರ್‌ಗೆ ಹಾಕುತ್ತಿದ್ದರು. ಸಿಸ್ಟಮ್‌ನಲ್ಲಿ ಸ್ಟಾಕ್ ಯಾವಾಗಲೂ ಒಂದು ದಿನ ಹಿಂದೆ. ಸೇಲ್ಸ್‌ನವರು ಇಲ್ಲದ ಸರಕನ್ನು ಮಾರುತ್ತಿದ್ದರು. "ಟ್ರೇನಿಂಗ್ ಸಾಲದು" ಅಂತ ನಮ್ಮ ತಂಡ ಷರಾ ಬರೆದು ಎರಡು ಸಲ ಟ್ರೇನಿಂಗ್ ಕೊಟ್ಟಿತ್ತು. ಏನೂ ಬದಲಾಗಲಿಲ್ಲ.

ಕೊನೆಗೆ ಒಂದು ಬೆಳಿಗ್ಗೆ ನಾನೇ ಹೋಗಿ ಅವರ ಪಕ್ಕ ಕೂತೆ. ಅವರು ಸ್ಕ್ರೀನ್ ತೆರೆದರು, ಎದ್ದು ಹೋಗಿ ಪೆಟ್ಟಿಗೆ ಎಣಿಸಿ ಬಂದರು. ಅಷ್ಟರಲ್ಲಿ ಸಿಸ್ಟಮ್ ಲಾಗೌಟ್ ಆಗಿತ್ತು. ತುಂಬಿದ್ದ ಅರ್ಧ ಫಾರ್ಮ್ ಮಾಯ. 5 ನಿಮಿಷ ಯಾರೂ ಕೀಲಿ ಒತ್ತದಿದ್ದರೆ ಹೊರಗೆ ಹಾಕು ಅಂತ ಸುರಕ್ಷತೆಗಾಗಿ ನಾವೇ ಇಟ್ಟಿದ್ದ ನಿಯಮ ಅದು. "ಯಾಕೆ ಹೇಳಲಿಲ್ಲ ಮೇಡಂ?" ಅಂತ ಕೇಳಿದೆ. "ಅದು ಹಾಗೇ ಇರಬೇಕೇನೋ ಅಂದುಕೊಂಡಿದ್ದೆವು ಸಾರ್" ಅಂದರು. ತುಂಬಿದ್ದು ತಾನಾಗಿ ಸೇವ್ ಆಗುವ ಹಾಗೆ ಮಾಡಲು ನಮ್ಮ ಹುಡುಗರಿಗೆ ಅರ್ಧ ದಿನ ಸಾಕಾಯಿತು.

ಇದರ ಬಗ್ಗೆ ಒಂದೇ ಒಂದು ಟಿಕೆಟ್, ಅಂದರೆ ಐಟಿಗೆ ದಾಖಲಿಸುವ ದೂರು, ಬಂದಿರಲಿಲ್ಲ ಅನ್ನುವುದನ್ನು ಗಮನಿಸಿ. ಟಿಕೆಟ್ ಹಾಕುವುದು ಇದು ಸರಿಹೋಗಬಹುದು ಅಂತ ನಂಬಿಕೆ ಇರುವವರು. ನಂಬಿಕೆ ಹೋದವರು ಹಾಳೆ, ಪೆನ್ನು ಹಿಡಿಯುತ್ತಾರೆ. ಟೊಯೋಟಾದವರು ಕೆಲಸ ನಡೆಯುವ ಜಾಗವನ್ನು ಗೆಂಬಾ ಅನ್ನುತ್ತಾರೆ. ಅಲ್ಲಿನ ಉತ್ಪಾದನಾ ಪದ್ಧತಿಯನ್ನು ಕಟ್ಟಿದ ತೈಯಿಚಿ ಓನೊ, ಸಮಸ್ಯೆ ಅರ್ಥವಾಗಬೇಕಾದರೆ ಆ ಜಾಗದಲ್ಲೇ ನಿಂತು ನೋಡಬೇಕು ಅಂತ ಪಟ್ಟು ಹಿಡಿಯುತ್ತಿದ್ದರು. ಕಾರಿನ ಕಾರ್ಖಾನೆಗೆ ಅನ್ವಯಿಸುವ ಮಾತು ಸಾಫ್ಟ್‌ವೇರ್‌ಗೂ ಅನ್ವಯಿಸುತ್ತದೆ.

ಏನು ಬೇಕು ಅಂತ ಕೇಳಿ ಬರೆದುಕೊಂಡು, ಸಹಿ ಹಾಕಿಸಿಕೊಂಡು ಮಾಡಿಕೊಡುತ್ತೇವೆ. ಆಮೇಲೆ "ನಾವು ಕೇಳಿದ್ದು ಇದಲ್ಲ" ಅನ್ನುತ್ತಾರೆ. ಯಾರ ತಪ್ಪು?

ಸಹಿಯನ್ನು ನಂಬಿದ್ದು ನಿಮ್ಮ ತಪ್ಪು. 80 ಪುಟದ ಕಾಗದ ಓದಿ, ಅದು ಸ್ಕ್ರೀನ್ ಮೇಲೆ ಹೇಗೆ ಕಾಣುತ್ತದೆ ಅಂತ ಊಹಿಸಿಕೊಳ್ಳುವುದು ಅವರ ಕಸುಬಲ್ಲ. ಅವರು ಸಹಿ ಹಾಕುವುದು ನೀವು ಮೂರನೇ ಸಲ ನೆನಪಿಸಿದ್ದಕ್ಕೆ.

ಇನ್ನೊಂದು ವಿಷಯ. ಜನ ನಮ್ಮ ಹತ್ತಿರ ತಮ್ಮ ತೊಂದರೆ ಹೇಳುವುದಿಲ್ಲ. ತಾವೇ ಯೋಚಿಸಿಕೊಂಡ ಪರಿಹಾರ ಹೇಳುತ್ತಾರೆ. "ಈ ರಿಪೋರ್ಟ್‌ಗೆ ಇನ್ನೆರಡು ಕಾಲಂ ಹಾಕಿಕೊಡಿ" ಅನ್ನುತ್ತಾರೆ. ಆಗ ನಾನು ಕೇಳುವುದು ಒಂದೇ: "ರಿಪೋರ್ಟ್ ಕೈಗೆ ಬಂದ ಮೇಲೆ ಏನು ಮಾಡುತ್ತೀರಿ?" ಉತ್ತರ ಕೇಳಿದರೆ ಒಮ್ಮೊಮ್ಮೆ ನಗು ಬರುತ್ತದೆ. ಅದನ್ನು ಎಕ್ಸೆಲ್‌ಗೆ ಇಳಿಸಿ, ನಾಲ್ಕು ಕಾಲಂ ಅಳಿಸಿ, ಇನ್ನೊಂದು ಪಟ್ಟಿಯ ಜೊತೆ ತಾಳೆ ನೋಡಿ, ಬಾಕಿ ಇರುವ ಆರು ಗ್ರಾಹಕರ ಹೆಸರು ಹುಡುಕುತ್ತಾರೆ. ಅವರಿಗೆ ಬೇಕಾಗಿದ್ದು ಆ ಆರು ಹೆಸರು, ದಿನಾ ಬೆಳಿಗ್ಗೆ, ಮೇಲ್‌ನಲ್ಲಿ. ರಿಪೋರ್ಟೇ ಬೇಕಾಗಿರಲಿಲ್ಲ!

2001ರಲ್ಲಿ 17 ಮಂದಿ ಸಾಫ್ಟ್‌ವೇರ್ ತಜ್ಞರು ಸೇರಿ ಅಜೈಲ್ ಪ್ರಣಾಳಿಕೆ ಬರೆದರು. ಸಾಫ್ಟ್‌ವೇರನ್ನು ಸ್ವಲ್ಪ ಸ್ವಲ್ಪವಾಗಿ ಮಾಡಿ, ತೋರಿಸಿ, ತಿದ್ದುತ್ತಾ ಹೋಗುವ ಪದ್ಧತಿ ಅದು. ಬಿಸಿನೆಸ್‌ನವರೂ ಡೆವಲಪರ್‌ಗಳೂ ಯೋಜನೆ ಮುಗಿಯುವ ತನಕ ದಿನವೂ ಜೊತೆಗೆ ಕೆಲಸ ಮಾಡಬೇಕು ಅನ್ನುವುದು ಅದರ 12 ತತ್ವಗಳಲ್ಲಿ ಒಂದು. ಇವತ್ತು ಬಹಳ ಕಡೆ ಅಜೈಲ್ ಹೆಸರಿನಲ್ಲಿ ಬೆಳಗಿನ ನಿಂತ ಮೀಟಿಂಗ್ ಉಳಿದಿದೆ, ಈ ತತ್ವ ಮಾಯವಾಗಿದೆ.

ದಿನವೂ ಆಗದಿದ್ದರೆ ವಾರಕ್ಕೊಮ್ಮೆಯಾದರೂ ತೋರಿಸಿ. ಮೊದಲ ವಾರ ಹಾಳೆಯ ಮೇಲೆ ಚಿತ್ರ ಬಿಡಿಸಿ ತೋರಿಸಿದರೂ ನಡೆಯುತ್ತದೆ. ಪೆನ್ಸಿಲ್ ಚಿತ್ರವನ್ನು ಜನ ಧೈರ್ಯವಾಗಿ ಟೀಕಿಸುತ್ತಾರೆ. ಚೆಂದದ ಸ್ಕ್ರೀನ್ ತೋರಿಸಿದರೆ ಬೇಜಾರಾದೀತು ಅಂತ ಸುಮ್ನಿರುತ್ತಾರೆ. ತುಂಬಾ ಜನರನ್ನು ಕೇಳಬೇಕಾಗಿಯೂ ಇಲ್ಲ. ಬಳಕೆಯ ಪರೀಕ್ಷೆಗೆ ಐದು ಜನ ಸಾಕು, ಬಹುಪಾಲು ತೊಡಕುಗಳು ಅಷ್ಟರಲ್ಲೇ ಹೊರಬೀಳುತ್ತವೆ ಅಂತ ಬಳಕೆ ಸುಲಭವಾಗಿಸುವ ವಿಷಯದ ತಜ್ಞ ಯಾಕೋಬ್ ನೀಲ್ಸನ್ 2000ದಲ್ಲೇ ಬರೆದಿದ್ದರು.

ಎಲ್ಲ ವಿಭಾಗದವರಿಗೂ ಎಲ್ಲವೂ ಅರ್ಜೆಂಟ್. ಯಾರ ಕೆಲಸ ಮೊದಲು ಮಾಡುವುದು?

ನೀವು ತೀರ್ಮಾನ ಮಾಡಬೇಡಿ. ಮಾಡಿದರೆ ಒಬ್ಬರಿಗೆ ಖುಷಿ, ಉಳಿದ ನಾಲ್ವರಿಗೆ ಕೋಪ, ಮುಂದಿನ ತಿಂಗಳು ಇನ್ನೊಬ್ಬರಿಗೆ ಖುಷಿ.

ಎಲ್ಲರ ಬೇಡಿಕೆಗಳೂ ಇರುವ ಒಂದೇ ಪಟ್ಟಿ ಮಾಡಿ, ಎಲ್ಲರಿಗೂ ಕಾಣುವ ಹಾಗೆ ಇಡಿ. ತಿಂಗಳಿಗೊಮ್ಮೆ ವಿಭಾಗದ ಮುಖ್ಯಸ್ಥರನ್ನೆಲ್ಲ ಒಂದೇ ಕೋಣೆಯಲ್ಲಿ ಕೂರಿಸಿ. "ನಮ್ಮ ತಂಡಕ್ಕೆ ಈ ತಿಂಗಳು ಇಷ್ಟು ಕೆಲಸದ ಶಕ್ತಿ ಇದೆ, ಪಟ್ಟಿಯಲ್ಲಿ ಇದರ ಮೂರು ಪಟ್ಟು ಇದೆ, ಕ್ರಮ ನೀವೇ ಹೇಳಿ" ಅನ್ನಿ. ಮೊದಲ ಸಭೆಯಲ್ಲಿ ಎತ್ತು ಏರಿಗೆ, ಕೋಣ ನೀರಿಗೆ. ಮೂರನೆಯ ಸಭೆಯ ಹೊತ್ತಿಗೆ ಸೇಲ್ಸ್‌ನವರೇ "ಅಕೌಂಟ್ಸ್‌ನವರದ್ದು ಮೊದಲು ಆಗಲಿ, ನಮ್ಮದು ಎರಡು ವಾರ ತಡೆಯುತ್ತದೆ" ಅಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ದಿನನಿತ್ಯದ ರಿಪೇರಿ ಟಿಕೆಟ್‌ಗಳ ಮಾತು ಬೇರೆ. ಅಲ್ಲಿ ಐಟಿ ಸೇವೆ ನಡೆಸುವ ಕ್ರಮಗಳ ಮಾರ್ಗದರ್ಶಿಯಾದ ಐಟಿಲ್ ಹೇಳುವ ಹಳೆಯ ಸೂತ್ರವೇ ಸಾಕು: ಎಷ್ಟು ಜನರಿಗೆ, ಎಷ್ಟು ದೊಡ್ಡ ಕೆಲಸಕ್ಕೆ ಪೆಟ್ಟು ಬಿದ್ದಿದೆ, ಎಷ್ಟು ಬೇಗ ಸರಿಯಾಗಬೇಕು. ನಿರ್ದೇಶಕರ ಪ್ರಿಂಟರ್ ಈ ಲೆಕ್ಕದಲ್ಲಿ ಮೇಲೆ ಬರುವುದಿಲ್ಲ. ಆದರೂ ಬೇಗ ಸರಿ ಮಾಡಿಬಿಡಿ. ಎಲ್ಲ ಯುದ್ಧಗಳನ್ನೂ ಗೆಲ್ಲಬೇಕಾಗಿಲ್ಲ.

"ಆಗುವುದಿಲ್ಲ" ಅಂತ ಹೇಳುವುದು ಹೇಗೆ?

ಬೇಗ ಹೇಳಿ, ಕಾರಣ ಹೇಳಿ, ಬೇರೆ ಏನು ಆಗುತ್ತದೆ ಅಂತಲೂ ಹೇಳಿ. "ನೋಡೋಣ" ಅನ್ನುವುದು ಎಲ್ಲಕ್ಕಿಂತ ಕೆಟ್ಟ ಉತ್ತರ. ನಿಮ್ಮ ಬಾಯಲ್ಲಿ ಅದು "ಇಲ್ಲ", ಅವರ ಕಿವಿಯಲ್ಲಿ "ಹೌದು".

ಹಳೆಯ ಸಿಸ್ಟಮ್ ಅಪ್‌ಗ್ರೇಡ್‌ಗೆ ಹಣ ಕೇಳಿದರೆ "ಓಡುತ್ತಿದೆಯಲ್ಲ, ಯಾಕೆ?" ಅನ್ನುತ್ತಾರೆ. ಹೇಗೆ ಒಪ್ಪಿಸಲಿ?

ಡೇಟಾಬೇಸ್‌ನ ವರ್ಷನ್ ನಂಬರ್ ಹೇಳಿ ಯಾರನ್ನೂ ಒಪ್ಪಿಸಲು ಆಗುವುದಿಲ್ಲ. ವಾರ್ಡ್ ಕನ್ನಿಂಗ್‌ಹ್ಯಾಮ್ ಅನ್ನುವ ಪ್ರೋಗ್ರಾಮರ್ 1992ರಲ್ಲಿ ಇದಕ್ಕೆ ಒಂದು ಒಳ್ಳೆಯ ಹೋಲಿಕೆ ಕೊಟ್ಟರು: ಸಾಲ. ಆತುರಕ್ಕೆ ಮಾಡಿದ ಸಾಫ್ಟ್‌ವೇರ್ ಸಾಲ ತಂದ ಹಾಗೆ. ಬೇಗ ತೀರಿಸಿದರೆ ಸರಿ, ಇಲ್ಲದಿದ್ದರೆ ಪ್ರತಿ ಬದಲಾವಣೆಗೂ ಬಡ್ಡಿ ಕಟ್ಟುತ್ತಿರಬೇಕು. ಅವರು ಆಗ ಮಾಡುತ್ತಿದ್ದದ್ದು ಹಣಕಾಸಿನ ಸಾಫ್ಟ್‌ವೇರ್. ಅಲ್ಲಿನವರಿಗೆ ಅರ್ಥವಾಗುವ ಭಾಷೆ ಹುಡುಕಿದರು, ಅಷ್ಟೆ.

ನೀವೂ ಬಡ್ಡಿಯ ಲೆಕ್ಕ ತೋರಿಸಿ. "ಮೂರು ವರ್ಷದ ಹಿಂದೆ ಒಂದು ಹೊಸ ರಿಯಾಯಿತಿ ಯೋಜನೆಯನ್ನು ಸಿಸ್ಟಮ್‌ಗೆ ಹಾಕಲು ನಾಲ್ಕು ದಿನ ಸಾಕಿತ್ತು, ಈಗ ಮೂರು ವಾರ ಬೇಕು" ಅಂದರೆ ಸೇಲ್ಸ್ ಮುಖ್ಯಸ್ಥರೇ ನಿಮ್ಮ ಪರ ಮಾತಾಡುತ್ತಾರೆ. ಈ ಲೆಕ್ಕ ನಿಮ್ಮದೇ ಟಿಕೆಟ್ ದಾಖಲೆಯಲ್ಲಿ ಇರುತ್ತದೆ. ಹುಡುಕಿ ತೆಗೆಯಬೇಕು. ಹೆದರಿಸುವ ದಾರಿ ಮಾತ್ರ ಬೇಡ. "ಇವತ್ತೋ ನಾಳೆಯೋ ಎಲ್ಲ ಬಿದ್ದುಹೋಗುತ್ತದೆ" ಅಂತ ಎರಡು ಬಜೆಟ್‌ನಲ್ಲಿ ಹೇಳಿ, ಏನೂ ಬೀಳದಿದ್ದರೆ ಮೂರನೇ ಸಲ ಯಾರು ಕೇಳುತ್ತಾರೆ?

ನಮಗೆ ಹೇಳದೆ ತಾವೇ ಎಕ್ಸೆಲ್, ಆನ್‌ಲೈನ್ ಟೂಲ್ ಅಂತ ಏನೇನೋ ಕಟ್ಟಿಕೊಂಡಿದ್ದಾರೆ. ನಿಲ್ಲಿಸಲೇ?

ಕೋಪ ಬರುವುದು ಸಹಜ. ಅಪಾಯವೂ ನಿಜ. 2020ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯ ಕೋವಿಡ್ ಲೆಕ್ಕದಿಂದ 15,841 ಪ್ರಕರಣಗಳು ಬಿಟ್ಟುಹೋಗಿದ್ದು ಬೆಳಕಿಗೆ ಬಂತು. ಲ್ಯಾಬ್‌ಗಳಿಂದ ಬಂದ ಮಾಹಿತಿಯನ್ನು ಎಕ್ಸೆಲ್‌ನ ಹಳೆಯ ಫೈಲ್ ಮಾದರಿಗೆ ಹಾಕುತ್ತಿದ್ದರು. ಆ ಮಾದರಿಯ ಒಂದು ಹಾಳೆಯಲ್ಲಿ 65,536 ಸಾಲುಗಳಿಗಿಂತ ಜಾಸ್ತಿ ಹಿಡಿಯುವುದಿಲ್ಲ. ಮಿಕ್ಕ ಸಾಲುಗಳು ಸದ್ದಿಲ್ಲದೆ ಉದುರಿಹೋದವು. ಆ ಜನರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸವೂ ತಡವಾಯಿತು.

ಆದರೂ ಬಂದ್ ಮಾಡಿ ಅನ್ನುವುದಿಲ್ಲ ನಾನು. ಬಂದ್ ಮಾಡಿದರೆ ಅದು ನಿಲ್ಲುವುದಿಲ್ಲ, ನಿಮ್ಮ ಕಣ್ಣಿಗೆ ಬೀಳದ ಕಡೆ ಹೋಗುತ್ತದೆ. ಪ್ರತಿಯೊಂದು ಕಳ್ಳ ಎಕ್ಸೆಲ್ ಶೀಟ್‌ನ ಹಿಂದೆ ನೀವು ಕೊಡದ ಏನೋ ಒಂದು ಇರುತ್ತದೆ. "ಏನೇನು ಮಾಡಿಕೊಂಡಿದ್ದೀರಿ ತೋರಿಸಿ, ಯಾರಿಗೂ ಬೈಯುವುದಿಲ್ಲ" ಅಂತ ಒಂದು ತಿಂಗಳು ಸಮಯ ಕೊಡಿ. ಮಾತಿಗೆ ತಪ್ಪಬೇಡಿ.

ಬಂದದ್ದನ್ನು ಮೂರು ಗುಂಪು ಮಾಡಿ. ಗ್ರಾಹಕರ ಖಾಸಗಿ ಮಾಹಿತಿಯೋ ಹಣದ ಲೆಕ್ಕವೋ ಇದ್ದರೆ ತಕ್ಷಣ ನಿಮ್ಮ ಕೈಗೆ ತೆಗೆದುಕೊಳ್ಳಿ. ಹತ್ತು ಜನ ದಿನಾ ಬಳಸುವಂಥದ್ದಾದರೆ ಅದನ್ನು ನಿಮ್ಮ ಮುಂದಿನ ಯೋಜನೆಗೆ ನೀಲಿನಕ್ಷೆ ಅಂದುಕೊಳ್ಳಿ. ಬಳಕೆದಾರರೇ ಕೈಯಾರೆ ಮಾಡಿಕೊಟ್ಟ ಬೇಡಿಕೆ ಪಟ್ಟಿ ಬಿಟ್ಟಿ ಸಿಕ್ಕ ಹಾಗೆ. ಒಬ್ಬರೇ ಬಳಸುವ ಪುಟ್ಟ ಶೀಟ್ ಆದರೆ ಬಿಟ್ಟುಬಿಡಿ, ಬ್ಯಾಕಪ್ ಎಲ್ಲಿದೆ ಅಂತ ಮಾತ್ರ ಕೇಳಿ.

ಸುರಕ್ಷತೆಯ ನಿಯಮ ಅಂದರೆ ಸಾಕು, ಜಗಳ. ಏನು ಮಾಡುವುದು?

ಮೊದಲು ನಿಮ್ಮ ನಿಯಮವನ್ನೇ ಒಮ್ಮೆ ಪರೀಕ್ಷಿಸಿ. 90 ದಿನಕ್ಕೊಮ್ಮೆ ಪಾಸ್‌ವರ್ಡ್ ಬದಲಿಸಿ ಅಂತ ಎಷ್ಟು ವರ್ಷ ಜನರ ಪ್ರಾಣ ತಿಂದೆವು? ಅವರು ಕೊನೆಯ ಅಂಕಿ ಒಂದನ್ನು ಬದಲಿಸಿ, ಚೀಟಿಯ ಮೇಲೆ ಬರೆದು ಕೀಬೋರ್ಡ್ ಕೆಳಗೆ ಇಡುತ್ತಿದ್ದರು. ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2017ರ ಮಾರ್ಗಸೂಚಿಯಲ್ಲಿ, ಪಾಸ್‌ವರ್ಡ್ ಸೋರಿದ ಸುಳಿವು ಇಲ್ಲದೆ ಸುಮ್ನೆ ಅವಧಿಗೊಮ್ಮೆ ಬದಲಿಸಲು ಹೇಳಬಾರದು ಅಂತಲೇ ಬರೆಯಿತು. ಬಳಕೆದಾರರ ಗೊಣಗಾಟದಲ್ಲಿ ಹುರುಳಿತ್ತು.

ಕೆಲವು ನಿಯಮಗಳು ಮೂಗಿಗಿಂತ ಮೂಗುತಿ ಭಾರ ಅನ್ನುವ ಹಾಗಿರುತ್ತವೆ. ಒಂದು ಬೇಡದ ನಿಯಮವನ್ನು ನೀವಾಗಿಯೇ ತೆಗೆದು ಹಾಕಿ ನೋಡಿ. ಆಮೇಲೆ ನಿಜಕ್ಕೂ ಬೇಕಾದ ಎರಡನ್ನು ಹೇಳಿದರೆ ಕೇಳುತ್ತಾರೆ. ಹೇಳುವಾಗ ಕಾರಣವನ್ನೂ ಹೇಳಿ. "ಪಾಲಿಸಿ ಹಾಗಿದೆ" ಅನ್ನುವುದು ಕಾರಣವಲ್ಲ.

ಹೊಸ ದೊಡ್ಡ ಸಿಸ್ಟಮ್ ತರುತ್ತಿದ್ದೇವೆ. ಜನ ಒಪ್ಪಿಕೊಳ್ಳುವ ಹಾಗೆ ಮಾಡುವುದು ಹೇಗೆ?

1992ರ ಲಂಡನ್ ಆಂಬುಲೆನ್ಸ್ ಸೇವೆಯ ಕಥೆಯನ್ನು ನಾನು ಹೊಸಬರಿಗೆಲ್ಲ ಹೇಳುತ್ತೇನೆ. ಅದುವರೆಗೆ ಕರೆಗಳನ್ನು ಕಾಗದದ ಮೇಲೆ ಬರೆದುಕೊಂಡು ಗಾಡಿ ಕಳಿಸುತ್ತಿದ್ದರು. ಅಕ್ಟೋಬರ್ 26ರಂದು ಇಡೀ ಲಂಡನ್ನಿಗೆ ಒಂದೇ ಸಲ ಕಂಪ್ಯೂಟರ್ ವ್ಯವಸ್ಥೆ ಶುರುವಾಯಿತು. ಗಾಡಿ ಎಲ್ಲಿದೆ, ಖಾಲಿ ಇದೆಯೋ ಇಲ್ಲವೋ ಅನ್ನುವ ಮಾಹಿತಿ ಪಕ್ಕಾ ಇದ್ದರೆ ಮಾತ್ರ ಅದು ಸರಿಯಾಗಿ ನಡೆಯುತ್ತಿತ್ತು. ಮಾಹಿತಿ ತಪ್ಪತೊಡಗಿತು. ಒಂದೇ ಕರೆಗೆ ಎರಡು ಗಾಡಿ ಹೋದವು, ಇನ್ನು ಕೆಲವು ಕಡೆ ಗಾಡಿ ತಡವಾಯಿತು. ಕಾದವರು ಮತ್ತೆ ಮತ್ತೆ ಫೋನ್ ಮಾಡಿದರು, ಹೊರೆ ಇನ್ನಷ್ಟು ಏರಿತು. ಮರುದಿನವೇ ಅರ್ಧ ಹಳೆಯ ಪದ್ಧತಿಗೆ ಮರಳಬೇಕಾಯಿತು. ನವೆಂಬರ್ 4ರಂದು ವ್ಯವಸ್ಥೆ ಪೂರ್ತಿ ಕುಸಿದು, ಮತ್ತೆ ಕಾಗದವೇ ಗತಿಯಾಯಿತು.

1993ರ ತನಿಖಾ ವರದಿಯಲ್ಲಿ ತಾಂತ್ರಿಕ ತಪ್ಪುಗಳ ಪಟ್ಟಿ ಇದೆ. ನನ್ನ ಕಣ್ಣು ನಿಂತದ್ದು ಬೇರೆ ಕಡೆ. ಸಿಬ್ಬಂದಿಗೆ ಆ ವ್ಯವಸ್ಥೆಯ ಮೇಲೆ ನಂಬಿಕೆ ಇರಲಿಲ್ಲ. ಕಂಟ್ರೋಲ್ ರೂಮಿನವರಿಗೂ ಗಾಡಿಯವರಿಗೂ ಬೇರೆ ಬೇರೆ ಟ್ರೇನಿಂಗ್ ಆಗಿತ್ತು. ಅದೂ ಬಹಳ ಮೊದಲೇ ಆಗಿತ್ತು. ಯೋಜನೆ ಮುಂದಕ್ಕೆ ಹೋಗುತ್ತಾ ಹೋಗುತ್ತಾ ಕಲಿತದ್ದು ಮರೆತೇ ಹೋಗಿತ್ತು. ಮೂವತ್ತು ವರ್ಷಕ್ಕೂ ಹಿಂದಿನ ಮಾತು. ಇವತ್ತೂ ಗೋ-ಲೈವ್, ಅಂದರೆ ಹೊಸ ಸಿಸ್ಟಮ್ ಶುರುವಾಗುವ ದಿನ, ಎರಡು ತಿಂಗಳು ಮುಂದೆ ಹೋದರೆ ಟ್ರೇನಿಂಗ್ ಮತ್ತೆ ಮಾಡುವವರು ಎಷ್ಟು ಜನ?

ಅದರಿಂದ ನಾನು ಇಟ್ಟುಕೊಂಡ ಕೆಲವು ನಿಯಮಗಳಿವೆ. ಟ್ರೇನಿಂಗ್ ಗೋ-ಲೈವ್‌ಗೆ ಮುಂಚಿನ ಎರಡು ವಾರದೊಳಗೇ ಆಗಬೇಕು. ದಿನಾಂಕ ಮುಂದೆ ಹೋದರೆ ಟ್ರೇನಿಂಗೂ ಮತ್ತೊಮ್ಮೆ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವ ಕೆಲಸವಾದರೆ ಇಬ್ಬರನ್ನೂ ಒಟ್ಟಿಗೆ ಕೂರಿಸಬೇಕು. ಸಾಧ್ಯವಾದರೆ ಒಂದು ಶಾಖೆಯಲ್ಲೋ ಒಂದು ತಂಡದಲ್ಲೋ ಮೊದಲು ಶುರು ಮಾಡಬೇಕು. ವಿಭಾಗಕ್ಕೆ ಒಬ್ಬರನ್ನು ಮೊದಲೇ ತಯಾರು ಮಾಡಬೇಕು. ಆ ಒಬ್ಬರು ಕಂಪ್ಯೂಟರ್ ಪಂಡಿತರೇ ಆಗಬೇಕಾಗಿಲ್ಲ. "ಏನಾದರೂ ತೊಂದರೆಯಾದರೆ ಮೊದಲು ಯಾರನ್ನು ಕೇಳುತ್ತೀರಿ?" ಅಂತ ವಿಚಾರಿಸಿದಾಗ ಜಾಸ್ತಿ ಜನ ಯಾರ ಹೆಸರು ಹೇಳುತ್ತಾರೋ ಅವರೇ ಸರಿ.

ಇನ್ನು ಎಲ್ಲರಿಗಿಂತ ಜೋರಾಗಿ ವಿರೋಧಿಸುವವರನ್ನು ಯುಎಟಿ ತಂಡಕ್ಕೆ, ಅಂದರೆ ಬಳಕೆದಾರರ ಪರವಾಗಿ ಸಿಸ್ಟಮ್ ಪರೀಕ್ಷಿಸಿ ಒಪ್ಪಿಗೆ ಕೊಡುವ ತಂಡಕ್ಕೆ, ಸೇರಿಸಿಕೊಳ್ಳಿ. ತಪ್ಪು ಹುಡುಕುವ ಹುಮ್ಮಸ್ಸು ಅವರಿಗೆ ಹೇಗೂ ಇರುತ್ತದೆ. ಅದು ಗೋ-ಲೈವ್‌ಗೆ ಮುಂಚೆ ಕೆಲಸಕ್ಕೆ ಬರಲಿ.

ಸಿಸ್ಟಮ್ ಡೌನ್ ಆದಾಗ ಏನು ಹೇಳಬೇಕು? ಕಾರಣವೇ ಗೊತ್ತಿರುವುದಿಲ್ಲ.

ಕಾರಣ ಯಾರೂ ಕೇಳುತ್ತಿಲ್ಲ. ಅವರಿಗೆ ಬೇಕಾಗಿರುವುದು: ಏನು ನಿಂತಿದೆ, ಏನು ನಡೆಯುತ್ತಿದೆ, ಅಲ್ಲಿಯವರೆಗೆ ಏನು ಮಾಡಬಹುದು, ಮುಂದಿನ ಸುದ್ದಿ ಯಾವಾಗ.

"ಬಿಲ್ಲಿಂಗ್ ನಿಂತಿದೆ. ಸ್ಟಾಕ್ ನೋಡಬಹುದು. ಬಿಲ್‌ಗಳನ್ನು ಸದ್ಯ ಕೈಯಲ್ಲಿ ಬರೆಯಿರಿ, ಆಮೇಲೆ ಹಾಕಲು ನಾವೂ ಜನ ಕೊಡುತ್ತೇವೆ. ಮುಂದಿನ ಮಾಹಿತಿ 11:30ಕ್ಕೆ." ಇಷ್ಟು ಸಾಕು. 11:30ಕ್ಕೆ ಹೊಸದೇನೂ ಇಲ್ಲದಿದ್ದರೂ "ಇನ್ನೂ ಹುಡುಕುತ್ತಿದ್ದೇವೆ, ಮತ್ತೆ 12 ಗಂಟೆಗೆ ತಿಳಿಸುತ್ತೇವೆ" ಅಂತ ಬರೆಯಲೇಬೇಕು. ಇದನ್ನು ಬರೆಯುವವರು ರಿಪೇರಿ ಮಾಡುವವರಾಗಬಾರದು. ಎರಡೂ ಒಬ್ಬರದೇ ಕೆಲಸವಾದರೆ ಎರಡೂ ಕೆಡುತ್ತವೆ. ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದು ಬೇಡ. ಈ ಸಂದೇಶದ ನಮೂನೆ ಇವತ್ತೇ ಬರೆದಿಡಿ.

ನನ್ನ ತಂಡದವರು ಒಳ್ಳೆ ಕೆಲಸಗಾರರು. ಆದರೆ ಬಳಕೆದಾರರ ಜೊತೆ ಮಾತಾಡಲು ಹಿಂಜರಿಯುತ್ತಾರೆ.

ಭಾಷಣ ಮಾಡಿಸಬೇಡಿ. ತಿಂಗಳಿಗೆ ಅರ್ಧ ದಿನ ಪ್ರತಿ ಡೆವಲಪರ್ ಹೆಲ್ಪ್ ಡೆಸ್ಕ್‌ನಲ್ಲಿ ಕೂತು ಫೋನ್ ಕರೆ ಕೇಳಿಸಿಕೊಳ್ಳಲಿ. ಕೇಳಿಸಿಕೊಂಡರೆ ಸಾಕು, ಉತ್ತರ ಹೇಳಬೇಕಾಗಿಲ್ಲ. ತಾನು ಬರೆದ ದೋಷ ಸಂದೇಶವನ್ನು ಒಬ್ಬರು ಫೋನಿನಲ್ಲಿ ತಡವರಿಸುತ್ತಾ ಓದುವುದನ್ನು ಕೇಳಿದ ಮೇಲೆ ಯಾರೂ ಹೇಳದೆಯೇ ಅದನ್ನು ತಿದ್ದಿ ಬರೆದ ಹುಡುಗಿ ಒಬ್ಬಳನ್ನು ನಾನು ಬಲ್ಲೆ.

ನೀವು ಕೂಡ ಒಂದು ಅಭ್ಯಾಸ ಬಿಡಬೇಕು. ತಂಡದ ಒಳಗೆ ಬಳಕೆದಾರರ ಬಗ್ಗೆ ಜೋಕ್ ಮಾಡುವುದು. ಮುಖ್ಯಸ್ಥರು ನಕ್ಕರೆ ತಂಡ ಅದನ್ನೇ ಕಲಿಯುತ್ತದೆ.

ಬಿಸಿನೆಸ್‌ಗೂ ಐಟಿಗೂ ನಡುವೆ ಸಂಪರ್ಕಕ್ಕೆ ಅಂತಲೇ ಒಬ್ಬರನ್ನು ನೇಮಿಸಿದರೆ ಹೇಗೆ?

ಒಳ್ಳೆಯದೇ, ಅವರು ಬಾಗಿಲಾಗಿದ್ದರೆ. ಎಷ್ಟೋ ಕಡೆ ಅವರೇ ಗೋಡೆಯಾಗುತ್ತಾರೆ. ಎಲ್ಲ ಮಾತೂ ಅವರ ಮೂಲಕವೇ ಹೋಗಬೇಕು ಅಂತ ನಿಯಮ ಬಂದ ದಿನ ಆ ಹುದ್ದೆಯನ್ನು ಮರುಪರಿಶೀಲಿಸಿ.

ವಿಭಾಗದ ಮುಖ್ಯಸ್ಥರು ಸಮಯವೇ ಕೊಡುವುದಿಲ್ಲ. ಕರೆದರೆ ಕಿರಿಯರನ್ನು ಕಳಿಸುತ್ತಾರೆ.

ನಿಮ್ಮ ಮೀಟಿಂಗ್‌ಗೆ ಅವರು ಬರದಿದ್ದರೆ ಅವರ ಮೀಟಿಂಗ್‌ಗೆ ನೀವು ಹೋಗಿ. ಸೇಲ್ಸ್‌ನವರ ಸೋಮವಾರದ ಸಭೆಯಲ್ಲಿ ಮೂಲೆಯಲ್ಲಿ ಕೂತು ಕೇಳಲು ಅನುಮತಿ ಪಡೆಯಿರಿ. ಐಟಿ ಹೆಸರೇ ಬರದ ಸಭೆಯಲ್ಲಿ ನಿಮಗೆ ಸಿಗುವ ವಿಷಯ ನಿಮ್ಮ ಪರಿಶೀಲನಾ ಸಭೆಯಲ್ಲಿ ಎಂದೂ ಸಿಗುವುದಿಲ್ಲ.

ಕಿರಿಯರು ಬಂದರೆ ಬೇಸರ ಬೇಡ. ಕೆಲಸ ಗೊತ್ತಿರುವುದು ಅವರಿಗೇ. ತೀರ್ಮಾನ ಬೇಕಾದಾಗ ಮಾತ್ರ ಹಿರಿಯರ ಬಳಿ ಹೋಗಿ, ಎರಡು ಆಯ್ಕೆ ಇಟ್ಟು, ಹತ್ತು ನಿಮಿಷದಲ್ಲಿ ಎದ್ದು ಬನ್ನಿ. ಹತ್ತು ನಿಮಿಷ ಅಂದದ್ದು ಹತ್ತೇ ನಿಮಿಷವಾದರೆ ಮುಂದಿನ ಸಲ ಸಮಯ ಕೊಡುತ್ತಾರೆ.

ಇದಕ್ಕೆಲ್ಲ ಟೈಮ್ ಎಲ್ಲಿಂದ ತರಲಿ?

ವಾರಕ್ಕೆ ಎರಡು ಗಂಟೆ ಸಾಕು. ಯಾರೂ ಓದದ ಆ ತಿಂಗಳ ವರದಿಯನ್ನು 40 ಸ್ಲೈಡ್‌ನಿಂದ 4ಕ್ಕೆ ಇಳಿಸಿದರೆ ಎರಡು ಗಂಟೆ ಅಲ್ಲೇ ಸಿಗುತ್ತದೆ. ಯಾರಾದರೂ "ಉಳಿದ 36 ಎಲ್ಲಿ?" ಅಂತ ಕೇಳಿದರೆ ಅವರಿಗೆ ಮಾತ್ರ ಕಳಿಸಿ. ನನ್ನನ್ನು ಯಾರೂ ಕೇಳಲಿಲ್ಲ.

ಆ ಎರಡು ಗಂಟೆ ಒಂದು ವಾರ ಅಕೌಂಟ್ಸ್, ಇನ್ನೊಂದು ವಾರ ಗೋದಾಮು, ಮತ್ತೊಂದು ವಾರ ಗ್ರಾಹಕರ ಕರೆ ತೆಗೆದುಕೊಳ್ಳುವವರ ಪಕ್ಕ. ಮೊದಲ ಸಲ ಹೋಗುವಾಗ ಲ್ಯಾಪ್‌ಟಾಪ್ ಒಯ್ಯಬೇಡಿ, ಒಂದು ನೋಟ್‌ಬುಕ್ ಸಾಕು. ಲ್ಯಾಪ್‌ಟಾಪ್ ಕಂಡರೆ ಕೆಲಸ ತೋರಿಸುವುದು ಬಿಟ್ಟು, ಕೆಟ್ಟುಹೋದ ಪ್ರಿಂಟರ್ ಮುಂದೆ ನಿಮ್ಮನ್ನು ಕೂರಿಸಿಬಿಡುತ್ತಾರೆ.